ಏರಿನಲ್ಲಿ ಸೋಲುವ ಗಾಡಿ

ಹದಿನಾರು ಅಶ್ವಶಕ್ತಿ. 2005ರ ಮೇ ತಿಂಗಳಲ್ಲಿ ಮಾರುಕಟ್ಟೆಗೆ ಬಂದ ಟಾಟಾ ಏಸ್‌ನ ಎಂಜಿನ್ನಿಗೆ ಇದ್ದದ್ದು ಇಷ್ಟೇ ಬಲ. ಇಂಡಿಕಾ ಕಾರಿನ ನಾಲ್ಕು ಸಿಲಿಂಡರಿನ 1,405 ಸಿಸಿ ಡೀಸೆಲ್ ಎಂಜಿನ್ನನ್ನು ಅರ್ಧಕ್ಕಿಳಿಸಿ ರೂಪಿಸಿದ, ಎರಡು ಸಿಲಿಂಡರಿನ 702 ಸಿಸಿ ಎಂಜಿನ್ ಅದು. ಟರ್ಬೊ ಇರಲಿಲ್ಲ. ಈಗಿನ 160 ಸಿಸಿ ಮೋಟರ್‌ಸೈಕಲ್ಲುಗಳಿಗೂ ಹೆಚ್ಚುಕಡಿಮೆ ಅಷ್ಟೇ ಅಶ್ವಶಕ್ತಿ ಇದೆ. ಆದರೂ ಮುಕ್ಕಾಲು ಟನ್ ಸರಕು ಹೊತ್ತು, ಲಾರಿ ಹೋಗದ ಓಣಿಗಳಲ್ಲೆಲ್ಲ ನುಗ್ಗಿ, ‘ಛೋಟಾ ಹಾಥಿ’ ಎಂಬ ಹೆಸರು ಗಳಿಸಿತು. ಒಂದೇ ಗಾಡಿ ಇಟ್ಟುಕೊಂಡು ತಾನೇ ಮಾಲೀಕ, ತಾನೇ ಡ್ರೈವರ್ ಆಗಿ ಸಂಸಾರ ನಡೆಸುವ ಲಕ್ಷಾಂತರ ಜನರ ಬದುಕು ಇಂಥ ಪುಟ್ಟ ಟ್ರಕ್ಕುಗಳ ಮೇಲೆ ನಿಂತಿದೆ. ಮಹೀಂದ್ರಾದ ಪಿಕಪ್‌ಗಳು, 2011ರಲ್ಲಿ ಬಂದ ಅಶೋಕ್ ಲೇಲ್ಯಾಂಡ್ ದೋಸ್ತ್, ಆಮೇಲಿನ ಟಾಟಾ ಇಂಟ್ರಾ ಇವೆಲ್ಲ ಇನ್ನಷ್ಟು ಬಲ ತಂದವು. ಆದರೆ ಹೇರುವ ಭಾರವೂ ಅದಕ್ಕೆ ತಕ್ಕಂತೆ ಬೆಳೆಯಿತು.

ಬಲ ಇಷ್ಟು ಕಡಿಮೆ ಇರುವಾಗ ಏನಾಗುತ್ತದೆ ಎಂದು ಲೆಕ್ಕ ಹಾಕಿ ನೋಡಬೇಕು. ಸರಕೂ ಸೇರಿ ಒಂದೂವರೆ ಟನ್ ತೂಗುವ ಗಾಡಿ, ಹನ್ನೆರಡು ಮೀಟರ್ ಮುಂದೆ ಹೋದರೆ ಒಂದು ಮೀಟರ್ ಮೇಲೇರುವ ಘಾಟಿ ರಸ್ತೆ. ಎಂಜಿನ್ ಹೊಸದರಂತೆ ಇದ್ದರೂ ಆ ಏರಿನಲ್ಲಿ ಹದಿನಾರು ಅಶ್ವಶಕ್ತಿಗೆ ಗಂಟೆಗೆ 25 ಕಿ.ಮೀ. ಆಸುಪಾಸಿನ ವೇಗವಷ್ಟೇ ದಕ್ಕುತ್ತದೆ. ಅದೇ ಗಾಡಿಗೆ ಮುಕ್ಕಾಲು ಟನ್ನಿನ ಬದಲು ಒಂದೂವರೆ ಟನ್ ಹೇರಿದರೆ ವೇಗ 17ರ ಹತ್ತಿರಕ್ಕೆ ಇಳಿಯುತ್ತದೆ. ಈಗ ಮೂರು ಅಶ್ವಶಕ್ತಿ ಎಲ್ಲೋ ಸೋರಿಹೋಯಿತು ಎಂದಿಟ್ಟುಕೊಳ್ಳಿ. ನೂರು ಅಶ್ವಶಕ್ತಿಯ ಕಾರಿನಲ್ಲಿ ಅದು ಯಾರಿಗೂ ಗೊತ್ತಾಗುವುದಿಲ್ಲ. ಇಲ್ಲಿ ಅದು ಹೆಚ್ಚುಕಡಿಮೆ ಐದರಲ್ಲೊಂದು ಪಾಲು. ಮೂರನೇ ಗೇರಿನಲ್ಲಿ ಹತ್ತುತ್ತಿದ್ದ ಏರಿಗೆ ಎರಡನೇ ಗೇರು, ಎರಡರಲ್ಲಿ ಹತ್ತುತ್ತಿದ್ದಲ್ಲಿಗೆ ಒಂದನೇ ಗೇರು. ಡೀಸೆಲ್ ಖರ್ಚು ಏರುತ್ತದೆ, ಬಾಡಿಗೆ ತಪ್ಪುತ್ತದೆ, ಕಂತು ಮಾತ್ರ ತಿಂಗಳು ತಪ್ಪದೆ ಬರುತ್ತದೆ.

ಇಂಥ ಗಾಡಿ ಗ್ಯಾರೇಜಿಗೆ ಬಂದಾಗ ಸಾಮಾನ್ಯವಾಗಿ ಕೇಳಿಬರುವ ತೀರ್ಪು ಮೂರು. ‘ನಾಜಲ್ ಹೋಗಿದೆ’, ‘ಪಂಪ್ ಬಿಚ್ಚಬೇಕು’, ‘ಎಂಜಿನ್ ಕೆಲಸಕ್ಕೆ ಬಂದಿದೆ’. ಮೂರೂ ನಿಜವಾಗಿರುವ ಸಾಧ್ಯತೆ ಇದ್ದೇ ಇದೆ. ಆದರೆ ಅವು ಕೊನೆಗೆ ಬರಬೇಕಾದ ತೀರ್ಪುಗಳು, ಮೊದಲನೆಯ ಐದು ನಿಮಿಷದಲ್ಲಿ ಬರಬೇಕಾದವಲ್ಲ. ಗಾಡಿ ಎಳೆಯದಿರಲು ಇರುವ ಕಾರಣಗಳಲ್ಲಿ ತೀರಾ ಸಾಮಾನ್ಯವಾದವು ಎಂಜಿನ್ನಿನ ಹೊರಗೇ ಇರುತ್ತವೆ. ಅವನ್ನು ಪತ್ತೆಹಚ್ಚಲು ಬೇಕಾಗುವುದು ಕಣ್ಣು, ಕಿವಿ, ಅಂಗೈ ಮತ್ತು ಒಂದಿಷ್ಟು ತಾಳ್ಮೆ. ದುಡ್ಡು ಖರ್ಚಾಗದ ಪರೀಕ್ಷೆಗಳನ್ನೆಲ್ಲ ಮುಗಿಸದೆ ದುಡ್ಡು ಖರ್ಚಾಗುವ ಕೆಲಸಕ್ಕೆ ಕೈ ಹಾಕಬಾರದು. ಈ ಲೇಖನ ಹೇಳಹೊರಟಿರುವುದು ಇಷ್ಟನ್ನೇ, ಮತ್ತು ಇದನ್ನು ಎಷ್ಟು ಒತ್ತಿ ಹೇಳಿದರೂ ಸಾಲದು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಮೊದಲ ಪರೀಕ್ಷೆ ಮಾತು. ಹಾಸನದ ಕಡೆಯ ಒಂದು ಸಣ್ಣ ಗ್ಯಾರೇಜಿನಲ್ಲಿ ಹಿರಿಯ ಮೆಕ್ಯಾನಿಕ್ ಒಬ್ಬರು ಹೆಂಚು ಸಾಗಿಸುವ ಹುಡುಗನೊಬ್ಬನನ್ನು ಪ್ರಶ್ನೆ ಕೇಳುತ್ತಿದ್ದುದನ್ನು ನಾನು ನಿಂತು ಕೇಳಿದ್ದೇನೆ.

“ಯಾವಾಗಿಂದ ಹಿಂಗೈತೆ ತಮ್ಮಾ?”

“ಒಂದು ವಾರ ಆಯ್ತಣ್ಣ.”

“ಖಾಲಿ ಗಾಡೀಲೂ ಹಿಂಗೇನಾ?”

“ಖಾಲೀಲಿ ಅಷ್ಟಾಗಿ ಗೊತ್ತಾಗಲ್ಲ. ಲೋಡ್ ಹಾಕಿ ಏರು ಬಂದ್ರೆ ಉಸಿರು ಕಟ್ಟಿದಂಗೆ ಆಯ್ತದೆ.”

“ಬೆಳಗ್ಗೆ ಎಳೀತದಾ?”

“ಹೂಂ ಅಣ್ಣ, ಬೆಳಗ್ಗೆ ಒಂದರ್ಧ ಗಂಟೆ ಚೆನ್ನಾಗೇ ಎಳೀತದೆ. ಆಮೇಲೆ ಡೌನ್. ಎಲ್ಲಾದ್ರೂ ನಿಲ್ಸಿ ಟೀ ಕುಡ್ಕೊಂಡ್ ಬಂದ್ರೆ ಮತ್ತೆ ಸರಿ.”

“ಅದಕ್ಕೆ ಮುಂಚೆ ಏನು ಕೆಲಸ ಮಾಡ್ಸಿದ್ದೆ?”

“ಏನೂ ಇಲ್ಲಣ್ಣ. ಟ್ಯಾಂಕಿನ ಮುಚ್ಚಳ ಕಳ್ದೋಗಿತ್ತು, ಬೇರೇದು ಹಾಕ್ಸಿದೀನಿ, ಅಷ್ಟೇ.”

ಮೆಕ್ಯಾನಿಕ್ ಮುಂದೇನೂ ಕೇಳಲಿಲ್ಲ. ಮುಚ್ಚಳ ಸಡಿಲ ಮಾಡಿಕೊಂಡು ಏರಿನ ರಸ್ತೆಯಲ್ಲಿ ಒಂದು ಸುತ್ತು ಹೋಗಿಬರಲು ಹೇಳಿದರು. ಗಾಡಿ ಎಳೆಯಿತು. ಡೀಸೆಲ್ ಖಾಲಿಯಾಗುತ್ತ ಹೋದಂತೆ ಆ ಜಾಗಕ್ಕೆ ಹೊರಗಿನ ಗಾಳಿ ಬರಬೇಕು. ಕೆಲವು ಟ್ಯಾಂಕುಗಳಲ್ಲಿ ಅದಕ್ಕೆ ಮುಚ್ಚಳದಲ್ಲೇ ಸಣ್ಣ ತೂತು ಇರುತ್ತದೆ, ಕೆಲವದರಲ್ಲಿ ಬೇರೆ ಪೈಪು. ಹುಡುಗ ಹಾಕಿಸಿದ ಮುಚ್ಚಳಕ್ಕೆ ತೂತಿರಲಿಲ್ಲ. ಪ್ಲಾಸ್ಟಿಕ್ ಬಾಟಲಿಗೆ ಬಾಯಿಟ್ಟು ಗಾಳಿ ಬಿಡದೆ ನೀರು ಹೀರಿದರೆ ಬಾಟಲಿ ಒಳಗೆಳೆದುಕೊಂಡು ನೀರು ಬರುವುದು ನಿಲ್ಲುವುದಿಲ್ಲವೇ, ಹಾಗೆ ಅರ್ಧ ಗಂಟೆಯಲ್ಲಿ ಟ್ಯಾಂಕಿನೊಳಗೆ ನಿರ್ವಾತ ಬೆಳೆದು ಪಂಪಿಗೆ ಡೀಸೆಲ್ ಸಾಲದಾಗುತ್ತಿತ್ತು. ಟೀ ಕುಡಿದು ಬರುವಷ್ಟರಲ್ಲಿ ಸಂದುಗಳಿಂದ ಗಾಳಿ ನುಸುಳಿ ಮತ್ತೆ ಸರಿಹೋಗುತ್ತಿತ್ತು. ನೇರವಾಗಿ ನಾಜಲ್ ಬಿಚ್ಚಿದ್ದರೆ ಹುಡುಗನಿಗೆ ಒಂದು ವಾರದ ದುಡಿಮೆ ಹೋಗುತ್ತಿತ್ತು, ತೊಂದರೆ ಮಾತ್ರ ಹಾಗೇ ಉಳಿಯುತ್ತಿತ್ತು.

ಆ ಪ್ರಶ್ನೆಗಳನ್ನು ಇನ್ನೊಮ್ಮೆ ಗಮನಿಸಿ. ಒಮ್ಮೆಲೇ ಆಯಿತೇ, ನಿಧಾನವಾಗಿ ಆಯಿತೇ? ನಿಧಾನವಾಗಿ ಬಲ ಕುಂದಿದ್ದರೆ ಫಿಲ್ಟರ್ ಕಟ್ಟಿಕೊಳ್ಳುವುದು, ರಿಂಗ್ ಸವೆಯುವುದು ಇಂಥವು. ಒಮ್ಮೆಲೇ ಆಗಿದ್ದರೆ ಹೋಸ್ ಕಳಚಿರಬಹುದು, ಕೇಬಲ್ ಎಳೆ ಬಿಟ್ಟಿರಬಹುದು, ಸೆನ್ಸರ್ ಕೆಟ್ಟಿರಬಹುದು. ಯಾವುದೋ ಕೆಲಸ ಮಾಡಿಸಿದ ಮರುದಿನದಿಂದ ಶುರುವಾಗಿದ್ದರೆ ಆ ಕೆಲಸವನ್ನೇ ಮೊದಲು ಅನುಮಾನಿಸಬೇಕು. ಬಿಸಿಯಾದ ಮೇಲಷ್ಟೇ ಸೋಲುತ್ತದೆಯೇ, ಮಳೆಯಲ್ಲಿ ಮಾತ್ರವೇ, ಹೊಸ ಬಂಕಿನಲ್ಲಿ ಡೀಸೆಲ್ ಹಾಕಿಸಿದ ಮೇಲೆಯೇ ಎಂಬ ಒಂದೊಂದು ಉತ್ತರವೂ ಹುಡುಕಾಟದ ಜಾಗವನ್ನು ಅರ್ಧ ಮಾಡುತ್ತದೆ.

ಇನ್ನು ಎರಡನೆಯ ಸಂಗತಿ. ಗಾಡಿ ಎಳೆಯುತ್ತಿಲ್ಲ ಎಂದಾಕ್ಷಣ ಎಂಜಿನ್ ಸೋತಿದೆ ಎಂದರ್ಥವಲ್ಲ. ಎಂಜಿನ್ ಕೊಟ್ಟ ಬಲ ಚಕ್ರ ತಲುಪದಿರಬಹುದು, ತಲುಪಿದ್ದನ್ನು ಇನ್ನೊಂದೇನೋ ತಿನ್ನುತ್ತಿರಬಹುದು. ನಾಲ್ಕೈದು ಕಿ.ಮೀ. ಓಡಿಸಿ, ಕೊನೆಯಲ್ಲಿ ಬ್ರೇಕ್ ಜೋರಾಗಿ ಒತ್ತದೆ ತಾನಾಗಿ ನಿಲ್ಲುವಂತೆ ಬಿಟ್ಟು, ಇಳಿದು ನಾಲ್ಕೂ ಚಕ್ರಗಳ ಹತ್ತಿರ ಅಂಗೈ ಒಯ್ದು ನೋಡಿ. ತಗಲಿಸಬೇಡಿ, ಸುಡಬಹುದು. ಒಂದು ಚಕ್ರದ ಡ್ರಮ್ ಉಳಿದವಕ್ಕಿಂತ ಹೆಚ್ಚು ಬಿಸಿಯಾಗಿದ್ದರೆ ಅಲ್ಲಿ ಬ್ರೇಕ್ ಹಿಡಿದುಕೊಂಡಿದೆ. ಹ್ಯಾಂಡ್‌ಬ್ರೇಕ್ ಕೇಬಲ್ ತುಕ್ಕು ಹಿಡಿದು ಪೂರ್ತಿ ಬಿಡದಿರುವುದು ಮಳೆಗಾಲದ ಮಲೆನಾಡಿನಲ್ಲಿ ಸಾಮಾನ್ಯ. ಸಮತಟ್ಟಾದ ಜಾಗದಲ್ಲಿ ನ್ಯೂಟ್ರಲ್‌ಗೆ ಹಾಕಿ ಖಾಲಿ ಗಾಡಿಯನ್ನು ಇಬ್ಬರು ತಳ್ಳಿದರೆ ಸಲೀಸಾಗಿ ಉರುಳಬೇಕು. ಉರುಳದಿದ್ದರೆ ಎಂಜಿನ್ನಿಗೆ ಬೈದು ಫಲವಿಲ್ಲ. ಟೈರುಗಳ ಗಾಳಿ ಕಡಿಮೆ ಇದ್ದರೂ ಇದೇ ಕಥೆ.

ಕ್ಲಚ್ ಜಾರುವುದು ಇನ್ನೊಂದು. ಆಕ್ಸಿಲರೇಟರ್ ಒತ್ತಿದರೆ ಎಂಜಿನ್ನಿನ ಸದ್ದು ಏರುತ್ತದೆ, ವೇಗ ಏರುವುದಿಲ್ಲ, ಸ್ವಲ್ಪ ಹೊತ್ತಿನಲ್ಲಿ ಸುಟ್ಟ ವಾಸನೆ. ಇಲ್ಲಿ ಎಂಜಿನ್ ನಿರಪರಾಧಿ. ಇದಕ್ಕೆ ತದ್ವಿರುದ್ಧವಾಗಿ, ಆಕ್ಸಿಲರೇಟರ್ ಎಷ್ಟು ಒತ್ತಿದರೂ ಎಂಜಿನ್ನಿನ ಸದ್ದೇ ಏರದಿದ್ದರೆ ತೊಂದರೆ ಎಂಜಿನ್ನಿನ ಕಡೆಯದು. ಈ ಒಂದು ವ್ಯತ್ಯಾಸವನ್ನು ಡ್ರೈವರ್ ಸರಿಯಾಗಿ ಹೇಳಿಬಿಟ್ಟರೆ ಅರ್ಧ ದಿನದ ಕೆಲಸ ಉಳಿಯುತ್ತದೆ.

ಹಳೆಯ, ಕೇಬಲ್ ಇರುವ ಗಾಡಿಗಳಲ್ಲಿ ಮಾಡಲೇಬೇಕಾದ ಇನ್ನೊಂದು ಪರೀಕ್ಷೆ ಇದೆ. ಎಂಜಿನ್ ನಿಂತಿರುವಾಗ ಒಬ್ಬರು ಆಕ್ಸಿಲರೇಟರನ್ನು ನೆಲಕ್ಕೆ ತಾಗುವ ತನಕ ಒತ್ತಬೇಕು, ಇನ್ನೊಬ್ಬರು ಪಂಪಿನ ಲಿವರ್ ಕೊನೆಯ ಸ್ಕ್ರೂ ಮುಟ್ಟುತ್ತದೆಯೇ ಎಂದು ನೋಡಬೇಕು. ಕೇಬಲ್ ಹಿಗ್ಗಿದ್ದರೆ, ಪೆಡಲ್ ಕೆಳಗೆ ಮ್ಯಾಟ್ ಮಡಚಿಕೊಂಡಿದ್ದರೆ, ಲಿವರ್ ಮುಕ್ಕಾಲು ದೂರಕ್ಕೇ ನಿಲ್ಲುತ್ತದೆ. ಮುಕ್ಕಾಲು ಡೀಸೆಲ್‌ಗೆ ಮುಕ್ಕಾಲು ಬಲ. ರಿಪೇರಿ ಎಂದರೆ ಒಂದು ನಟ್ ತಿರುಗಿಸುವುದು.

ಇವೆಲ್ಲ ಸರಿಯಿದ್ದರೆ ಆಗ ಹೊಗೆ ನೋಡಬೇಕು. ಡೀಸೆಲ್ ಎಂಜಿನ್ನಿನ ಹೊಗೆ ಓದಲು ಕಲಿತವರಿಗೆ ಅರ್ಧ ರೋಗ ಅಲ್ಲೇ ಕಾಣುತ್ತದೆ. ಏರಿನಲ್ಲಿ ಒತ್ತಿದಾಗ ದಟ್ಟ ಕಪ್ಪು ಹೊಗೆ ಬಂದರೆ ಡೀಸೆಲ್ ಸಾಕಷ್ಟು ಬರುತ್ತಿದೆ, ಅದನ್ನು ಸುಡುವಷ್ಟು ಗಾಳಿ ಇಲ್ಲ, ಇಲ್ಲವೇ ನಾಜಲ್ ಡೀಸೆಲನ್ನು ಸಣ್ಣ ಹನಿಯಾಗಿ ಒಡೆಯುತ್ತಿಲ್ಲ. ನೀಲಿ ಹೊಗೆ ಎಂದರೆ ಎಂಜಿನ್ ಆಯಿಲ್ ಸುಡುತ್ತಿದೆ. ಎಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಡೀಸೆಲ್ ಸುಡದೆ ಹೊರಬೀಳುತ್ತಿದೆ, ಅಥವಾ ಕೂಲಂಟ್ ಒಳಗೆ ಸೇರುತ್ತಿದೆ. ಚಳಿಯ ಬೆಳಗಿನಲ್ಲಿ ಎರಡು ನಿಮಿಷ ಕಾಣುವ ಬಿಳಿ ಆವಿ ಬೇರೆ, ಅದಕ್ಕೆ ಗಾಬರಿಯಾಗಬೇಕಿಲ್ಲ. ಎಷ್ಟೋ ಜನ ಗಮನಿಸದೆ ಬಿಡುವ ಸುಳಿವು ಇನ್ನೊಂದಿದೆ. ಪೂರ್ತಿ ಒತ್ತಿದರೂ ಹೊಗೆಯೇ ಇಲ್ಲ, ಬಲವೂ ಇಲ್ಲ ಎಂದಾದರೆ ಎಂಜಿನ್ನಿಗೆ ಡೀಸೆಲ್ಲೇ ಸಾಲುತ್ತಿಲ್ಲ. ಕಪ್ಪು ಹೊಗೆಯ ಗಾಡಿಗೆ ಗಾಳಿಯ ದಾರಿ ಹಿಡಿಯಬೇಕು, ಹೊಗೆಯಿಲ್ಲದ ಗಾಡಿಗೆ ಡೀಸೆಲ್ ದಾರಿ ಹಿಡಿಯಬೇಕು. ಎರಡಕ್ಕೂ ಒಂದೇ ಮದ್ದು ಕೊಟ್ಟರೆ ಒಂದಕ್ಕಾದರೂ ಅದು ತಪ್ಪು ಮದ್ದೇ.

ಗಾಳಿಯ ಲೆಕ್ಕ ಕೇಳಿದರೆ ಅಚ್ಚರಿಯಾಗುತ್ತದೆ. ಒಂದು ಲೀಟರ್ ಡೀಸೆಲ್ ಪೂರ್ತಿ ಸುಡಲು ಕಡೇಪಕ್ಷ 10,000 ಲೀಟರ್ ಗಾಳಿ ಬೇಕು. ಡೀಸೆಲ್ ಎಂಜಿನ್ ಹೊಗೆಯಿಲ್ಲದೆ ಓಡಬೇಕಾದರೆ ಅದಕ್ಕಿಂತಲೂ ಹೆಚ್ಚೇ ಬೇಕಾಗುತ್ತದೆ. 700 ಸಿಸಿಯ ಪುಟ್ಟ ಎಂಜಿನ್ 3,200 ಸುತ್ತಿನಲ್ಲಿ ನಿಮಿಷಕ್ಕೆ ಸುಮಾರು 1,000 ಲೀಟರ್ ಗಾಳಿ ಎಳೆಯುತ್ತದೆ. ಈ ಗಾಳಿಯಷ್ಟೂ ಕಾಗದದ ಒಂದು ಫಿಲ್ಟರಿನ ಮೂಲಕವೇ ಹೋಗಬೇಕು. ಜಲ್ಲಿ ಕ್ರಷರ್, ಇಟ್ಟಿಗೆ ಗೂಡು, ಮರಳು, ಕೆಮ್ಮಣ್ಣಿನ ಹಳ್ಳಿ ರಸ್ತೆ ಇಂಥ ಕಡೆ ದುಡಿಯುವ ಗಾಡಿಯ ಫಿಲ್ಟರ್ ಕಂಪನಿ ಪುಸ್ತಕದಲ್ಲಿ ಬರೆದ ಕಿಲೋಮೀಟರ್ ತನಕ ಬಾಳುವುದಿಲ್ಲ. ಫಿಲ್ಟರ್ ತೆಗೆದು ಬೆಳಕಿಗೆ ಹಿಡಿದು ನೋಡಿ. ಫಿಲ್ಟರ್ ಡಬ್ಬಿಗೆ ಗಾಳಿ ಬರುವ ಪೈಪನ್ನೂ ಮರೆಯಬಾರದು. ಅಲ್ಲಿ ಪ್ಲಾಸ್ಟಿಕ್ ಕವರ್ ಸಿಕ್ಕಿಕೊಂಡಿರಬಹುದು, ಇಲಿ ಗೂಡು ಕಟ್ಟಿರಬಹುದು, ರಬ್ಬರ್ ಹೋಸ್ ಒಳಪದರ ಕಿತ್ತು ಮುಚ್ಚಿಕೊಂಡಿರಬಹುದು.

ಕಂಪ್ರೆಸರ್ ಗಾಳಿಯಿಂದ ಫಿಲ್ಟರ್ ಊದಿಸುವ ಅಭ್ಯಾಸ ನಮ್ಮಲ್ಲಿ ಎಲ್ಲೆಡೆ ಇದೆ. ಹೊರಗಿನಿಂದ ಒಳಗೆ ಊದಿದರೆ ಧೂಳು ಕಾಗದದೊಳಕ್ಕೆ ಇನ್ನಷ್ಟು ಸೇರಿಕೊಳ್ಳುತ್ತದೆ. ಜೋರಾಗಿ ಊದಿದರೆ ಕಾಗದ ಹರಿಯುತ್ತದೆ, ಹರಿದದ್ದು ಕಣ್ಣಿಗೆ ಕಾಣುವುದಿಲ್ಲ. ಊದಲೇಬೇಕಾದರೆ ಒಳಗಿನಿಂದ ಹೊರಕ್ಕೆ, ಕಡಿಮೆ ಒತ್ತಡದಲ್ಲಿ. ಇದಕ್ಕಿಂತ ದೊಡ್ಡ ಅಪಾಯ, ಫಿಲ್ಟರ್ ತೆಗೆದು ಎಸೆದು ‘ಈಗ ಚೆನ್ನಾಗಿ ಎಳೀತದೆ’ ಎಂದು ಹಾಗೇ ಓಡಿಸುವುದು. ಎಳೆಯುತ್ತದೆ, ನಿಜ. ಆದರೆ ಆ ಧೂಳು ಸಿಲಿಂಡರ್ ಗೋಡೆಯನ್ನೂ ಪಿಸ್ಟನ್ ರಿಂಗನ್ನೂ ಅರೆಯುತ್ತದೆ. ನಿಜವಾದ ಎಂಜಿನ್ ಕೆಲಸಕ್ಕೆ ನಾವೇ ಕರೆ ಕೊಟ್ಟಂತೆ. ಒಳಗೆ ಹೋಗುವ ಗಾಳಿಯಷ್ಟೇ ಮುಖ್ಯ ಹೊರಗೆ ಹೋಗುವ ಹೊಗೆ. ಸೈಲೆನ್ಸರಿನೊಳಗೆ ಮಸಿ ಕಟ್ಟಿದ್ದರೆ, ಒಳಗಿನ ತಗಡು ಕಳಚಿ ಅಡ್ಡ ಬಿದ್ದಿದ್ದರೆ, ಕೊನೆ ಪೈಪಿಗೆ ಗುದ್ದು ಬಿದ್ದು ಚಪ್ಪಟೆಯಾಗಿದ್ದರೆ ಎಂಜಿನ್ ಉಸಿರು ಬಿಡಲಾರದೆ ಸೋಲುತ್ತದೆ.

ಡೀಸೆಲ್ ದಾರಿ ಇನ್ನೂ ಉದ್ದ. ಟ್ಯಾಂಕಿನೊಳಗಿನ ಜಾಲರಿಯಿಂದ ಶುರುವಾಗಿ ಪೈಪು, ನೀರು ಬೇರ್ಪಡಿಸುವ ಬಟ್ಟಲು, ಫಿಲ್ಟರ್, ಫೀಡ್ ಪಂಪು, ಮುಖ್ಯ ಪಂಪು, ಕೊನೆಗೆ ನಾಜಲ್. ಈ ಸಾಲಿನಲ್ಲಿ ತುದಿಯಿಂದ ಅಲ್ಲ, ಬುಡದಿಂದ ನೋಡುತ್ತ ಬರಬೇಕು. ಫಿಲ್ಟರ್ ಬದಲಿಸಿ ಎಷ್ಟು ದಿನವಾಯಿತು ಎಂಬುದಕ್ಕೆ ಸ್ಪಷ್ಟ ಉತ್ತರ ಇಲ್ಲದಿದ್ದರೆ ಬದಲಿಸಿಬಿಡುವುದೇ ಲೇಸು, ಅದು ಇಡೀ ಸಾಲಿನಲ್ಲಿ ಅಗ್ಗದ ಸಾಮಾನು. ಹಳೆಯ ಫಿಲ್ಟರಿನ ಡೀಸೆಲನ್ನು ಗಾಜಿನ ಬಾಟಲಿಗೆ ಸುರಿದು ಹತ್ತು ನಿಮಿಷ ಬಿಡಿ. ಕೆಳಗೆ ಬೇರೆಯಾಗಿ ನಿಂತದ್ದು ನೀರು. ಅರ್ಧ ಟ್ಯಾಂಕಿನಲ್ಲಿ ರಾತ್ರಿಯಿಡೀ ನಿಂತ ಗಾಡಿಯ ಟ್ಯಾಂಕಿನ ಮೇಲ್ಭಾಗದಲ್ಲಿ ತೇವ ಹನಿಗಟ್ಟುತ್ತದೆ. ಮಳೆಗಾಲದಲ್ಲಿ ನೀರು ಬೇರ್ಪಡಿಸುವ ಬಟ್ಟಲಿನ ತಿರುಪು ಬಿಚ್ಚಿ ನೀರು ಇಳಿಸುವುದನ್ನು ವಾರದ ಕೆಲಸ ಮಾಡಿಕೊಂಡವರ ಪಂಪು ಬಾಳುತ್ತದೆ. ಸೀಮೆಎಣ್ಣೆ ಬೆರೆತ ಡೀಸೆಲ್ ಬಲವನ್ನೂ ಕುಗ್ಗಿಸುತ್ತದೆ, ಪಂಪನ್ನೂ ಸವೆಸುತ್ತದೆ, ಏಕೆಂದರೆ ಆ ಪಂಪಿಗೆ ಡೀಸೆಲ್ಲೇ ಜಾರುಎಣ್ಣೆ.

ಗಾಳಿ ತೆಗೆದುಕೊಳ್ಳುವುದು ಇನ್ನೊಂದು ಕಳ್ಳ ರೋಗ. ಟ್ಯಾಂಕಿನಿಂದ ಪಂಪಿಗೆ ಡೀಸೆಲ್ ಬರುವುದು ಹೀರಿಕೆಯಿಂದ. ಆ ಪೈಪಿನಲ್ಲಿ ಬಿರುಕು ಬಿಟ್ಟಿದ್ದರೆ ಡೀಸೆಲ್ ಹೊರಗೆ ತೊಟ್ಟಿಕ್ಕುವುದಿಲ್ಲ, ಗಾಳಿ ಒಳಗೆ ಸೇರುತ್ತದೆ. ಸೋರಿಕೆ ಕಣ್ಣಿಗೆ ಕಾಣದಿರುವುದು ಅದಕ್ಕೇ. ಫಿಲ್ಟರ್ ದಾಟಿದ ಮೇಲೆ ಒಂದು ಗೇಣು ಪಾರದರ್ಶಕ ಪೈಪನ್ನು ತಾತ್ಕಾಲಿಕವಾಗಿ ಜೋಡಿಸಿ ಎಂಜಿನ್ ಓಡಿಸಿದರೆ ಗುಳ್ಳೆಗಳ ಸಾಲು ಕಾಣಿಸಿಕೊಳ್ಳುತ್ತದೆ. ಗುಳ್ಳೆ ಕಂಡರೆ ಟ್ಯಾಂಕಿನ ಕಡೆಗೆ ಒಂದೊಂದೇ ಜೋಡಣೆ ಬಿಗಿಮಾಡುತ್ತ, ಒಂದೊಂದೇ ವಾಷರ್ ಬದಲಿಸುತ್ತ ಹೋಗಬೇಕು. ಬೆಳಗ್ಗೆ ಸ್ಟಾರ್ಟ್ ಆಗಲು ತಕರಾರು, ಏರಿನಲ್ಲಿ ತಡವರಿಕೆ ಎರಡೂ ಒಟ್ಟಿಗೆ ಇದ್ದರೆ ಮೊದಲು ಈ ಪರೀಕ್ಷೆಯನ್ನೇ ಮಾಡಬೇಕು.

ಇಷ್ಟು ನೋಡಿದ ಮೇಲೆ ಪಂಪು, ನಾಜಲ್‌ಗಳ ಸರದಿ. ಈ ವಿದ್ಯೆಗೂ ಬೆಂಗಳೂರಿಗೂ ಹಳೆಯ ನಂಟು. 1951ರಲ್ಲಿ ಹುಟ್ಟಿದ ಮೋಟಾರ್ ಇಂಡಸ್ಟ್ರೀಸ್ ಕಂಪನಿ, ಅಂದರೆ ನಮ್ಮ ಮೈಕೋ, ಆಡುಗೋಡಿಯ ಕಾರ್ಖಾನೆಯಲ್ಲಿ ಡೀಸೆಲ್ ಪಂಪು, ನಾಜಲ್, ಸ್ಪಾರ್ಕ್ ಪ್ಲಗ್ ತಯಾರಿಸುತ್ತಿತ್ತು. 2008ರಲ್ಲಿ ಕಂಪನಿಯ ಹೆಸರು ಬಾಷ್ ಲಿಮಿಟೆಡ್ ಎಂದಾಯಿತು. ಕೂದಲೆಳೆಗಿಂತ ಸಣ್ಣ ಅಂತರದಲ್ಲಿ ಲೋಹವನ್ನು ಲೋಹಕ್ಕೆ ಹೊಂದಿಸುವ ಕೆಲಸವನ್ನು ಆ ಕಾರ್ಖಾನೆ ಒಂದೆರಡು ತಲೆಮಾರಿನ ಕೈಗಳಿಗೆ ಕಲಿಸಿತು. ಅಂಥ ನಿಖರತೆಯ ಸಾಮಾನನ್ನು ರಸ್ತೆ ಬದಿಯಲ್ಲಿ ಸ್ಪ್ಯಾನರಿನಿಂದ ಬಿಚ್ಚಿ, ಸ್ಕ್ರೂ ಅರ್ಧ ಸುತ್ತು ತಿರುಗಿಸಿ ‘ಡೀಸೆಲ್ ಜಾಸ್ತಿ ಮಾಡಿದೀನಿ’ ಎನ್ನುವುದನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ನಾಜಲ್ ಸರಿಯಿದೆಯೇ ಎಂದು ತಿಳಿಯಲು ಟೆಸ್ಟ್ ಬೆಂಚ್ ಇರುವ ಪಂಪ್ ಸರ್ವಿಸ್ ಅಂಗಡಿಗೇ ಒಯ್ಯಬೇಕು. ನಿಗದಿತ ಒತ್ತಡದಲ್ಲಿ ತೆರೆಯುತ್ತದೆಯೇ, ಡೀಸೆಲ್ ಮಂಜಾಗಿ ಚಿಮ್ಮುತ್ತದೆಯೇ ಅಥವಾ ಗೆರೆಯಾಗಿ ಸುರಿಯುತ್ತದೆಯೇ, ಆಮೇಲೆ ತುದಿಯಲ್ಲಿ ಹನಿ ಉಳಿಯುತ್ತದೆಯೇ ಎಂಬುದು ಅಲ್ಲಿ ಕಣ್ಣಿಗೆ ಕಾಣುತ್ತದೆ.

ಹಳೆಯ ಮೆಕ್ಯಾನಿಕಲ್ ಪಂಪಿನ ಎಂಜಿನ್ನುಗಳಲ್ಲಿ ಒಂದು ಸಿಲಿಂಡರಿನ ನಾಜಲ್ ಪೈಪಿನ ನಟ್ ಸಡಿಲ ಮಾಡಿ, ಎಂಜಿನ್ನಿನ ಸದ್ದು ಕುಂದುತ್ತದೆಯೇ ಎಂದು ಕೇಳುವ ರೂಢಿ ಇದೆ. ಸದ್ದು ಬದಲಾಗದಿದ್ದರೆ ಆ ಸಿಲಿಂಡರ್ ಮೊದಲೇ ಕೆಲಸ ಮಾಡುತ್ತಿರಲಿಲ್ಲ ಎಂದರ್ಥ. ಎರಡೇ ಸಿಲಿಂಡರಿನ ಎಂಜಿನ್ನಿನಲ್ಲಿ ಇದು ತಟ್ಟನೆ ಗೊತ್ತಾಗುತ್ತದೆ. ಆದರೆ ಈಚಿನ ಕಾಮನ್ ರೈಲ್ ಎಂಜಿನ್ನುಗಳಲ್ಲಿ ಈ ಪರೀಕ್ಷೆಯನ್ನು ಎಂದೆಂದೂ ಮಾಡಕೂಡದು. ಅಲ್ಲಿನ ಒತ್ತಡ ಸಾವಿರ ಬಾರ್ ದಾಟುತ್ತದೆ. ಸೂಜಿಮೊನೆಯಷ್ಟು ಸಂದಿನಿಂದ ಚಿಮ್ಮಿದ ಡೀಸೆಲ್ ಕೈಚರ್ಮವನ್ನು ಸೀಳಿ ಮಾಂಸದೊಳಕ್ಕೆ ಹೋಗುತ್ತದೆ. ಮೇಲೆ ಕಾಣುವುದು ಸಣ್ಣ ಚುಕ್ಕೆ, ಒಳಗೆ ಬೆರಳನ್ನೇ ಕಳೆದುಕೊಳ್ಳುವಂಥ ಗಾಯ. ಹಾಗೇನಾದರೂ ಆದರೆ ನೋವಿಲ್ಲವೆಂದು ಸುಮ್ಮನಿರದೆ ತಕ್ಷಣ ಆಸ್ಪತ್ರೆಗೆ ಹೋಗಬೇಕು, ಡೀಸೆಲ್ ಒಳಗೆ ಸೇರಿದೆ ಎಂದು ವೈದ್ಯರಿಗೆ ಹೇಳಬೇಕು. ಎಷ್ಟೋ ಹುಡುಗರು ಹಳೆಯ ಅಭ್ಯಾಸವನ್ನು ಹೊಸ ಎಂಜಿನ್ನಿನ ಮೇಲೆ ಮಾಡಲು ಹೋಗುತ್ತಾರೆ. ಗ್ಯಾರೇಜಿನ ಹಿರಿಯರು ಇದನ್ನು ಮೊದಲ ದಿನವೇ ಹೇಳಿಕೊಡಬೇಕು.

ಗಾಳಿ ಸರಿ, ಡೀಸೆಲ್ ಸರಿ, ಆದರೂ ಬಲವಿಲ್ಲ ಎಂದಾಗ ಎಂಜಿನ್ನಿನ ಒಳಗಿನ ಮಾತು. ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಹೊತ್ತಿಸುವವರಿಲ್ಲ. ಗಾಳಿಯನ್ನು ಇಪ್ಪತ್ತರಲ್ಲೊಂದು ಪಾಲಿನ ಆಸುಪಾಸಿಗೆ ಅದುಮಿದಾಗ ಅದು 500 ಡಿಗ್ರಿ ದಾಟಿ ಕಾಯುತ್ತದೆ, ಆ ಕಾವಿಗೆ ಡೀಸೆಲ್ ತಾನೇ ಹೊತ್ತಿಕೊಳ್ಳುತ್ತದೆ. ರಿಂಗ್ ಸವೆದಿದ್ದರೆ, ವಾಲ್ವ್ ಕೂರದಿದ್ದರೆ, ಹೆಡ್ ಗ್ಯಾಸ್ಕೆಟ್ ಬಿಟ್ಟಿದ್ದರೆ ಅದುಮಿದ ಗಾಳಿ ಸೋರುತ್ತದೆ. ಎಂಜಿನ್ ಓಡುವಾಗ ಆಯಿಲ್ ಹಾಕುವ ಮುಚ್ಚಳ ಸಡಿಲಿಸಿದರೆ ಭುಸುಭುಸು ಹೊಗೆ ಬರುವುದಕ್ಕೆ ನಮ್ಮ ಗ್ಯಾರೇಜುಗಳಲ್ಲಿ ‘ಬ್ಯಾಕ್ ಕಂಪ್ರೆಷನ್’ ಎನ್ನುತ್ತಾರೆ. ಅದು ಬಲವಾದ ಸುಳಿವು, ಆದರೆ ತೀರ್ಪಲ್ಲ. ಸ್ವಲ್ಪ ಹೊಗೆ ಆರೋಗ್ಯವಂತ ಎಂಜಿನ್ನಿನಲ್ಲೂ ಬರುತ್ತದೆ. ತೀರ್ಪು ಕೊಡಬೇಕಾದದ್ದು ಕಂಪ್ರೆಷನ್ ಗೇಜ್. ಕೈಪಿಡಿಯಲ್ಲಿ ಹೇಳಿದ ಅಂಕಿಯ ಜೊತೆಗೆ ಸಿಲಿಂಡರ್ ಸಿಲಿಂಡರಿನ ನಡುವಿನ ವ್ಯತ್ಯಾಸವನ್ನೂ ನೋಡಬೇಕು. ಕಡಿಮೆ ಬಂದ ಸಿಲಿಂಡರಿಗೆ ಒಂದು ಚಮಚದಷ್ಟು ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆದಾಗ ಅಂಕಿ ಏರಿದರೆ ರಿಂಗ್ ಸವೆದಿದೆ, ಏರದಿದ್ದರೆ ವಾಲ್ವ್ ಅಥವಾ ಗ್ಯಾಸ್ಕೆಟ್. ಟ್ಯಾಪೆಟ್ ಸಂದು ಸರಿಯಿಲ್ಲದಿದ್ದರೂ ಕಂಪ್ರೆಷನ್ ಕಡಿಮೆ ತೋರಿಸುತ್ತದೆ, ಆದ್ದರಿಂದ ಅದನ್ನು ಮೊದಲೇ ಹೊಂದಿಸಿರಬೇಕು. ಈ ಅಳತೆಯ ಅಂಕಿಗಳನ್ನು ಕಾಗದದಲ್ಲಿ ಬರೆದು ಕೊಡದೆ ಎಂಜಿನ್ ಇಳಿಸುತ್ತೇವೆ ಎನ್ನುವವರಿಗೆ ಗಾಡಿ ಬಿಡಬೇಡಿ.

2020ರ ಏಪ್ರಿಲ್ 1ರಿಂದ ದೇಶದಲ್ಲಿ ಬಿಎಸ್-6 ನಿಯಮ ಬಂದ ಮೇಲೆ ಚಿತ್ರ ಬದಲಾಗಿದೆ. ಡೀಸೆಲ್‌ನ ಗಂಧಕ ದಶಲಕ್ಷಕ್ಕೆ 50 ಪಾಲಿನಿಂದ 10ಕ್ಕೆ ಇಳಿಯಿತು. ಹೊಗೆಕೊಳವೆಯಲ್ಲಿ ಮಸಿ ಹಿಡಿಯುವ ಡಿಪಿಎಫ್ ಫಿಲ್ಟರ್ ಬಂತು. ನಾನು ಮೇಲೆ ಹೇಳಿದ ಹೊಗೆಯ ಓದು ಡಿಪಿಎಫ್ ಇರುವ ಗಾಡಿಯಲ್ಲಿ ನಡೆಯುವುದಿಲ್ಲ, ಕಪ್ಪು ಹೊಗೆಯನ್ನು ಅದು ನುಂಗಿಬಿಡುತ್ತದೆ. ನುಂಗಿದ ಮಸಿಯನ್ನು 600 ಡಿಗ್ರಿಯ ಸುಮಾರಿಗೆ ಕಾಯಿಸಿ ಸುಡುವ ವ್ಯವಸ್ಥೆ ಅದಕ್ಕಿದೆ. ಆದರೆ ಒಂದಷ್ಟು ಹೊತ್ತು ಗಾಡಿ ಬಿಡುವಿಲ್ಲದೆ ಓಡಿದರೆ ಮಾತ್ರ ಅದು ಪೂರ್ತಿಯಾಗುತ್ತದೆ. ಅಂಗಡಿಯಿಂದ ಅಂಗಡಿಗೆ ನಿಂತು ನಿಂತು ಹೋಗುವ ನೀರಿನ ಕ್ಯಾನಿನ ಗಾಡಿಗೆ ಆ ಅವಕಾಶ ಸಿಗುವುದಿಲ್ಲ. ಮಸಿ ತುಂಬಿ, ದೀಪ ಹತ್ತಿ, ಕೊನೆಗೆ ಎಂಜಿನ್ನಿನ ಕಂಪ್ಯೂಟರ್ ತನ್ನ ರಕ್ಷಣೆಗಾಗಿ ಬಲವನ್ನು ತಾನೇ ಕಡಿತ ಮಾಡುತ್ತದೆ. ಇದು ಲಿಂಪ್ ಮೋಡ್. ಇಲ್ಲಿ ಎಂಜಿನ್ನಿನ ಬಲ ಕಳೆದಿಲ್ಲ, ತಡೆಹಿಡಿಯಲಾಗಿದೆ. ಡಿಪಿಎಫ್ ದೀಪ ಮಿನುಗಿದಾಗಲೇ ಕೈಪಿಡಿ ಹೇಳುವಂತೆ ಹೆದ್ದಾರಿಯಲ್ಲಿ ಓಡಿಸಿದರೆ ಬಹಳಷ್ಟು ಸಲ ಗ್ಯಾರೇಜಿಗೆ ಹೋಗುವ ಪ್ರಮೇಯವೇ ಬರುವುದಿಲ್ಲ. ಎಂಜಿನ್ ಆಫ್ ಮಾಡಿ ಆನ್ ಮಾಡಿದಾಗ ಸ್ವಲ್ಪ ಹೊತ್ತು ಸರಿಹೋಗಿ ಮತ್ತೆ ಸೋಲುವುದು ಲಿಂಪ್ ಮೋಡಿನ ಗುರುತುಗಳಲ್ಲೊಂದು.

ಇಂಥ ಗಾಡಿಗೆ ಸ್ಕ್ಯಾನರ್ ಹಚ್ಚಲೇಬೇಕು. ಆದರೆ ಸ್ಕ್ಯಾನರ್ ತೋರಿಸುವುದು ಲಕ್ಷಣವನ್ನು, ಕಾರಣವನ್ನಲ್ಲ. ‘ಟರ್ಬೊ ಒತ್ತಡ ಕಡಿಮೆ’ ಎಂಬ ಕೋಡ್ ಬಂದಾಕ್ಷಣ ಟರ್ಬೊ ಬದಲಿಸಲು ಹೇಳುವವರಿದ್ದಾರೆ. ಟರ್ಬೊ ದುಬಾರಿ. ಅದೇ ಕೋಡ್ ಇಂಟರ್‌ಕೂಲರ್ ಹೋಸ್ ಸೀಳಿದಾಗಲೂ ಬರುತ್ತದೆ, ಕ್ಲ್ಯಾಂಪ್ ಸಡಿಲವಾದಾಗಲೂ ಬರುತ್ತದೆ, ಗಾಳಿ ಫಿಲ್ಟರ್ ಕಟ್ಟಿದಾಗಲೂ ಬರುತ್ತದೆ, ಒತ್ತಡ ಅಳೆಯುವ ಸೆನ್ಸರಿಗೆ ಮಸಿ ಮೆತ್ತಿದಾಗಲೂ ಬರುತ್ತದೆ. ಹೋಸುಗಳನ್ನು ಕೈಯಿಂದ ಹಿಂಡಿ ನೋಡಿ, ಜೋಡಣೆಗಳ ಸುತ್ತ ಎಣ್ಣೆಯ ಹಸಿ ಇದೆಯೇ ನೋಡಿ, ಏರಿನಲ್ಲಿ ಒತ್ತಿದಾಗ ಹಿಸ್ಸೆನ್ನುವ ಸದ್ದು ಹೊಸದಾಗಿ ಸೇರಿಕೊಂಡಿದೆಯೇ ಕೇಳಿ. ಸುಟ್ಟ ಗಾಳಿಯ ಒಂದು ಪಾಲನ್ನು ಎಂಜಿನ್ನಿಗೆ ಮರಳಿಸುವ ಇಜಿಆರ್ ವಾಲ್ವ್ ಮಸಿಗಟ್ಟಿ ತೆರೆದೇ ನಿಂತಿದ್ದರೆ ಹೊಸ ಗಾಳಿಯ ಜಾಗವನ್ನು ಸುಟ್ಟ ಗಾಳಿ ತುಂಬಿಕೊಳ್ಳುತ್ತದೆ, ಅದನ್ನು ಕಳಚಿ ಶುಚಿಗೊಳಿಸಿದರೆ ಸಾಕಾಗಬಹುದು. ಡಿಪಿಎಫ್ ತೂತು ಮಾಡಿಸುವುದು, ಇಜಿಆರ್ ಮುಚ್ಚಿಸುವುದು ಕಾನೂನಿಗೂ ವಿರುದ್ಧ, ಆ ಗಾಡಿಯ ಹಿಂದೆ ಸೈಕಲ್ಲಿನಲ್ಲಿ ಬರುವ ಮಕ್ಕಳ ಶ್ವಾಸಕ್ಕೂ ವಿರುದ್ಧ.

ಸಿಎನ್‌ಜಿ, ಪೆಟ್ರೋಲ್ ಎಂಜಿನ್ನಿನ ಪುಟ್ಟ ಟ್ರಕ್ಕುಗಳಲ್ಲೂ ಹುಡುಕುವ ಕ್ರಮ ಇದೇ. ಅಲ್ಲಿ ನಾಜಲ್ ಬದಲು ಸ್ಪಾರ್ಕ್ ಪ್ಲಗ್ ಮತ್ತು ಕಾಯಿಲ್, ಡೀಸೆಲ್ ಫಿಲ್ಟರ್ ಬದಲು ಗ್ಯಾಸ್ ಫಿಲ್ಟರ್ ಮತ್ತು ರೆಗ್ಯುಲೇಟರ್.

ರೋಗವೇ ಅಲ್ಲದ ಸೋಲೊಂದಿದೆ, ಅದನ್ನೂ ಹೇಳಬೇಕು. ಸಮುದ್ರಮಟ್ಟದ ಮಂಗಳೂರಿಗಿಂತ 900 ಮೀಟರ್ ಮೇಲಿರುವ ಬೆಂಗಳೂರಿನ ಗಾಳಿ ಸುಮಾರು ಶೇ 8ರಿಂದ 10ರಷ್ಟು ತೆಳು. ಟರ್ಬೊ ಇಲ್ಲದ ಎಂಜಿನ್ನಿನ ಬಲವೂ ಹೆಚ್ಚುಕಡಿಮೆ ಅಷ್ಟೇ ಕುಗ್ಗುತ್ತದೆ. ಕರಾವಳಿಯಲ್ಲಿ ಚೆನ್ನಾಗಿ ಓಡುತ್ತಿದ್ದ ಹಳೆಯ ಗಾಡಿಯನ್ನು ಕೊಂಡು ಮಡಿಕೇರಿಗೋ ಚಿಕ್ಕಮಗಳೂರಿಗೋ ತಂದವರು ‘ಮೋಸ ಹೋದೆ’ ಎಂದುಕೊಳ್ಳುವುದುಂಟು. ಚಾರ್ಮಾಡಿಯ ಬುಡದಲ್ಲಿ ಇದ್ದ ಬಲ ಕೊಟ್ಟಿಗೆಹಾರದಲ್ಲಿ ಇರದು. ಟರ್ಬೊ ಇರುವ ಗಾಡಿಯಲ್ಲಿ ಈ ಕೊರತೆಯ ಬಹುಪಾಲು ತುಂಬಿಕೊಳ್ಳುತ್ತದೆ. ಎತ್ತರದಲ್ಲಿ ಹೀಗೆ ಬಲ ಕುಗ್ಗಿದ ಗಾಡಿಯ ಮೇಲೆ ಇಮ್ಮಡಿ ಭಾರ ಹೇರಿದರೆ ಯಾವ ಮೆಕ್ಯಾನಿಕ್ಕೂ ಏನೂ ಮಾಡಲಾರ. ಬಾಡಿಗೆ ದರ ಹಾಗಿರುವುದರಿಂದ ಹೇರುತ್ತಾರೆ ಎಂಬುದು ನನಗೆ ಗೊತ್ತು, ಆದರೆ ಕ್ಲಚ್, ಬ್ರೇಕ್, ಹೆಡ್ ಗ್ಯಾಸ್ಕೆಟ್ ಮೂರರ ಬಿಲ್ಲೂ ಆ ಹೆಚ್ಚಿನ ಭಾರದಿಂದಲೇ ಬರುತ್ತದೆ.

ಇಷ್ಟೆಲ್ಲ ಕ್ರಮ ಇದ್ದೂ ಗ್ಯಾರೇಜುಗಳು ನೇರವಾಗಿ ಸಾಮಾನು ಬದಲಿಸಲು ಯಾಕೆ ಹೋಗುತ್ತವೆ? ತಪ್ಪು ಅವರೊಬ್ಬರದೇ ಅಲ್ಲ. ಎರಡು ಗಂಟೆ ಹುಡುಕಿ ಹತ್ತು ರೂಪಾಯಿಯ ವಾಷರ್ ಬದಲಿಸಿದ ಮೆಕ್ಯಾನಿಕ್ಕಿಗೆ ಐನೂರು ರೂಪಾಯಿ ಕೊಡಲು ನಾವು ಚೌಕಾಸಿ ಮಾಡುತ್ತೇವೆ. ಸಾವಿರಾರು ರೂಪಾಯಿಯ ಸಾಮಾನಿನ ಬಿಲ್ಲನ್ನು ಮಾತ್ರ ಮರುಮಾತಿಲ್ಲದೆ ಕಟ್ಟುತ್ತೇವೆ. ಸಾಮಾನಿಗೆ ಬೆಲೆಯಿದೆ, ಹುಡುಕಾಟಕ್ಕೆ ಇಲ್ಲ ಎಂದಾದಾಗ ಹುಡುಕುವ ಹಟ ಯಾರಿಗೆ ಉಳಿದೀತು? ಪರೀಕ್ಷೆಗೆ ಇಷ್ಟು ಕೂಲಿ ಎಂದು ಮೊದಲೇ ಮಾತಾಡಿಕೊಂಡು, ಏನೂ ಬದಲಿಸದಿದ್ದರೂ ಅದನ್ನು ಕೊಡುವ ಪದ್ಧತಿ ಗಾಡಿಯವರಿಗೂ ಗ್ಯಾರೇಜಿನವರಿಗೂ ಲಾಭದ್ದೇ. ಅದರ ಜೊತೆಗೆ ಒಂದು ಸಲಕ್ಕೆ ಒಂದೇ ಸಾಮಾನು ಬದಲಿಸಿ ಓಡಿಸಿ ನೋಡುವಂತೆ ಕೇಳಿಕೊಳ್ಳಿ. ಫಿಲ್ಟರ್, ನಾಜಲ್, ಪಂಪು ಮೂರನ್ನೂ ಒಟ್ಟಿಗೆ ಮಾಡಿಸಿದರೆ ಗಾಡಿ ಸರಿಹೋಗಬಹುದು, ಆದರೆ ಯಾವುದು ಕೆಟ್ಟಿತ್ತೆಂದು ಯಾರಿಗೂ ಗೊತ್ತಾಗುವುದಿಲ್ಲ. ತೆಗೆದ ಹಳೆಯ ಸಾಮಾನನ್ನು ಕೇಳಿ ಪಡೆಯಿರಿ.

ರಿಪೇರಿಯಾದ ಮೇಲೆ ಗ್ಯಾರೇಜಿನ ಮುಂದೆ ಖಾಲಿ ಗಾಡಿಗೆ ರೇಸ್ ಕೊಟ್ಟು ‘ಸರಿಯಾಯ್ತು’ ಎನ್ನುವುದು ಪರೀಕ್ಷೆಯಲ್ಲ. ಭಾರವಿಲ್ಲದ ಎಂಜಿನ್ ಸೋತದ್ದೂ ಗೊತ್ತಾಗುವುದಿಲ್ಲ, ಗೆದ್ದದ್ದೂ ಗೊತ್ತಾಗುವುದಿಲ್ಲ. ನಿಮ್ಮ ದಿನನಿತ್ಯದ ದಾರಿಯಲ್ಲಿ ಒಂದು ಏರನ್ನು ಗುರುತಿಟ್ಟುಕೊಳ್ಳಿ. ಮಾಮೂಲಿ ಸರಕು ಹಾಕಿಕೊಂಡು, ಬುಡದಲ್ಲಿ ಒಂದೇ ವೇಗದಿಂದ ಶುರುಮಾಡಿ, ಯಾವ ಗೇರಿನಲ್ಲಿ ಎಷ್ಟು ವೇಗದಲ್ಲಿ ತುದಿ ಮುಟ್ಟಿತು ಎಂದು ನೋಡಿ. ಗಾಡಿ ಚೆನ್ನಾಗಿರುವಾಗಲೇ ಒಮ್ಮೆ ಹೀಗೆ ಮಾಡಿ, ಡ್ಯಾಶ್‌ಬೋರ್ಡಿನಲ್ಲಿ ಇಟ್ಟುಕೊಳ್ಳುವ ಡೀಸೆಲ್ ಲೆಕ್ಕದ ಪುಸ್ತಕದಲ್ಲೇ ಬರೆದಿಡಿ, ಪಕ್ಕದಲ್ಲಿ ಫಿಲ್ಟರ್ ಬದಲಿಸಿದ ಕಿಲೋಮೀಟರನ್ನೂ ಸೇರಿಸಿ. ಮುಂದಿನ ಸಲ ಗಾಡಿ ಸೋತಿದೆ ಅನ್ನಿಸಿದಾಗ ಗ್ಯಾರೇಜಿಗೆ ಆ ಪುಟವನ್ನೂ ಒಯ್ಯಿರಿ.